11 ಜನರಿಗೆ ಕಳಿಸದಿದ್ದರೆ ಕೆಡುಕು ಅನ್ನುವ ಮೆಸೇಜ್‌ಗೆ ಅಮ್ಮ ಹೆದರುತ್ತಿದ್ದಾರೆ, ಏನು ಮಾಡಲಿ?

ಸಹ್ಯಾದ್ರಿ_ಮಳೆ:
ಎಲ್ಲರಿಗೂ ನಮಸ್ಕಾರ. ಅಮ್ಮನ ವಾಟ್ಸಾಪ್‌ಗೆ ದೇವರ ಫೋಟೊ ಜೊತೆ ಒಂದು ಮೆಸೇಜ್ ಬಂದಿದೆ. ರಾತ್ರಿಯೊಳಗೆ 11 ಜನರಿಗೆ ಕಳಿಸಿದರೆ ಶುಭ ಸುದ್ದಿ, ಅಳಿಸಿದವನೊಬ್ಬನ ಮಗನಿಗೆ ಅಪಘಾತವಾಯಿತು ಅಂತ. ನನ್ನ ತಮ್ಮ ದಿನಾ ಬೈಕ್‌ನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಹಾಗಾಗಿ ಅಮ್ಮ ಊಟ ಬಿಟ್ಟು, ಕನ್ನಡಕ ಹಾಕಿಕೊಂಡು, ಫೋನಿನಲ್ಲಿ ಒಂದೊಂದೇ ಹೆಸರು ಹುಡುಕುತ್ತಾ ಕೂತಿದ್ದರು. ಹಾಲಿನವರಿಗೂ ಕಳಿಸಿದ್ದಾರೆ. ಸುಳ್ಳು ಅಂದರೆ "ಕಳಿಸಿದರೆ ಕಳೆದುಕೊಳ್ಳುವುದೇನಿದೆ" ಅಂತಾರೆ. ಹೇಗೆ ಹೇಳಲಿ?

ಅಚ್ಚುಮೊಳೆ:
ಇದು ವಾಟ್ಸಾಪ್‌ನಿಂದ ಶುರುವಾದದ್ದಲ್ಲ. ಮೊದಲು ಅಂಚೆ ಕಾರ್ಡಿನಲ್ಲಿ, ಕರಪತ್ರದಲ್ಲಿ ಬರುತ್ತಿತ್ತು. ದೇವಸ್ಥಾನದಲ್ಲಿ ಹಾವು ಬಂದು ಮಾತಾಡಿತು, ಸಾವಿರ ಪ್ರತಿ ಅಚ್ಚು ಹಾಕಿಸಿ ಹಂಚಿದವನಿಗೆ ಲಾಟರಿ ಹೊಡೆಯಿತು, ಹರಿದು ಹಾಕಿದವನು ವ್ಯಾಪಾರದಲ್ಲಿ ಮುಳುಗಿದ ಅಂತೆಲ್ಲ. ಅಮ್ಮ ಅಂಥದ್ದು ನೋಡಿರಬಹುದು, ಅದನ್ನೇ ನೆನಪಿಸಿ. ಅವನು ಯಾರು, ಯಾವ ಊರು ಅಂತ ಆಗಲೂ ಇರಲಿಲ್ಲ, ಈಗಲೂ ಇಲ್ಲ ಅಲ್ವಾ? ಆಸೆ, ಹೆದರಿಕೆ, ಗಡುವು ಮೂರೂ ಒಟ್ಟಿಗೆ ಕಂಡರೆ ಇದೇ ಜಾತಿ ಅಂತ ತಿಳಿಯಿರಿ.

ತುಂಗೆಯ_ದಡ:
ದಯವಿಟ್ಟು ನಗಬೇಡಿ, ಬೈಯಬೇಡಿ. ಅವರಿಗಿರುವುದು ಮಗನ ಚಿಂತೆ. ನಮ್ಮತ್ತೆಗೆ ನಾನು ಹೇಳಿದ್ದಿಷ್ಟೇ: ಅತ್ತೆ, ಇಂಥದ್ದೆಲ್ಲ ನನಗೊಬ್ಬಳಿಗೇ ಕಳಿಸಿ, ಮುಂದಿನದು ನನ್ನ ಜವಾಬ್ದಾರಿ, ನೀವೊಂದು ದೀಪ ಹಚ್ಚಿ ಸಾಕು. ಅವರಿಗೂ ನಿರಾಳವಾಯಿತು, ಮೆಸೇಜೂ ನನ್ನಲ್ಲೇ ನಿಂತಿತು. ಆಮೇಲೆ ನಿಧಾನಕ್ಕೆ ಕೇಳಿ, ಇದನ್ನು ಓದಿ ಇನ್ನೊಂದು ಮನೆಯ ತಾಯಿಯೂ ಊಟ ಬಿಟ್ಟು ಕೂರಬೇಕಾ ಅಂತ.

ಕೋಟೆ_ಬೀದಿ:
ಕಳೆದುಕೊಳ್ಳುವುದೇನಿದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸುಮ್ನೆ ಫಾರ್ವರ್ಡ್ ಮಾಡುವುದು ರೂಢಿಯಾದರೆ ನಾಳೆ ಏನು ಬಂದರೂ ದಾಟಿಸುತ್ತೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿದೆಯಾ? ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹಬ್ಬಿಸಿ, ಜನ ಸೇರಿ ಹೊಡೆದು ಒಬ್ಬರನ್ನು ಕೊಂದೇಬಿಟ್ಟರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ತರುವುದಾಗಿ ಹೇಳಿತು. ತುಂಬಾ ಸಲ ಸುತ್ತಿ ಬಂದದ್ದಕ್ಕೆ 2020ರಿಂದ ಒಂದೇ ಚಾಟ್. ಅದರ ಮೇಲೆ ಜೋಡಿ ಬಾಣದ ಗುರುತಿರುತ್ತದೆ, ಅಮ್ಮನಿಗೆ ತೋರಿಸಿ. ಇಷ್ಟು ಗ್ರೂಪ್‌ಗೆ ಕಳಿಸಿದರೆ ಫ್ರೀ ರೀಚಾರ್ಜ್ ಅಂತ ಲಿಂಕ್ ಇದ್ದರಂತೂ ಮುಟ್ಟಲೇಬೇಡಿ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸಹ್ಯಾದ್ರಿ_ಮಳೆ:
ಹಾವಿನ ಕರಪತ್ರ ಅಮ್ಮನಿಗೆ ಚೆನ್ನಾಗಿ ನೆನಪಿದೆ! ಬಾಣದ ಗುರುತೂ ತೋರಿಸಿದೆ. ಈಗ ಅವರ ಪ್ರಶ್ನೆ, ತವರಿನ ಗ್ರೂಪ್‌ನಲ್ಲಿ ದೊಡ್ಡಮ್ಮನೇ ಹಾಕಿದರೆ ಏನು ಹೇಳುವುದು ಅಂತ.

ತುಂಗೆಯ_ದಡ:
ಗ್ರೂಪ್‌ನಲ್ಲಿ ಬೇಡ. ಎಲ್ಲರೆದುರು ಹೇಳಿದರೆ ಹಿರಿಯರಿಗೆ ಬೇಜಾರಾಗುತ್ತದೆ. ಅಮ್ಮನೇ ಫೋನ್ ಮಾಡಿ ಮಾತಾಡಲಿ, ನೀವು ಹೇಳುವುದಕ್ಕಿಂತ ತಂಗಿ ಹೇಳಿದರೆ ಕೇಳುತ್ತಾರೆ.