ಸ್ವಿಚ್ ಬದಲಿಸಿದ ಮೇಲೆ ಪ್ರಸಾರದ ಧ್ವನಿ ನಡುವೆಯೇ ನಿಲ್ಲುತ್ತಿದೆ

ಧ್ವನಿಗೂಡು:
ಎಲ್ಲರಿಗೂ ನಮಸ್ಕಾರ. ನಮ್ಮದು 50 ವ್ಯಾಟ್‌ನ ಸಮುದಾಯ ಬಾನುಲಿ. ಸ್ಟುಡಿಯೊದಿಂದ ಟ್ರಾನ್ಸ್‌ಮಿಟರ್ ಕೋಣೆಗೆ ಧ್ವನಿ ಹೋಗುವುದು ನೆಟ್‌ವರ್ಕ್ ಕೇಬಲ್‌ನಲ್ಲಿ, ಎಇಎಸ್67 (ನೆಟ್‌ವರ್ಕ್‌ನಲ್ಲಿ ಧ್ವನಿ ಕಳುಹಿಸುವ ಮಾನದಂಡ) ಮಲ್ಟಿಕಾಸ್ಟ್ ಆಗಿ, ಅಂದರೆ ಬೇಕೆಂದು ಕೇಳಿದ ಸಾಧನಗಳಿಗೆಲ್ಲ ಒಂದೇ ಸ್ಟ್ರೀಮ್ ಹೋಗುವ ಹಾಗೆ. ಕಳೆದ ವಾರ ಹೊಸ ನೆಟ್‌ವರ್ಕ್ ಸ್ವಿಚ್ ಹಾಕಿ, ಕಚೇರಿಯ ಇಂಟರ್ನೆಟ್‌ಗೆ ಒಂದು, ಧ್ವನಿಗೆ ಒಂದು ಎಂದು ವಿ-ಲ್ಯಾನ್ (ಒಂದೇ ಸ್ವಿಚ್‌ನೊಳಗಿನ ಪ್ರತ್ಯೇಕ ಜಾಲ) ಬೇರೆ ಮಾಡಿದೆವು. ಅಂದಿನಿಂದ ಈ ಕಾಟ. ಸ್ಟುಡಿಯೊದಲ್ಲಿ ಮೀಟರ್ ಕುಣಿಯುತ್ತಲೇ ಇರುತ್ತದೆ, ಆ ಕಡೆ ರಿಸೀವರ್‌ನ ಹಸಿರು ದೀಪಗಳು ಒಮ್ಮೆಗೇ ಆರಿಹೋಗುತ್ತವೆ. ರಿಸೀವರ್ ಆಫ್ ಮಾಡಿ ಆನ್ ಮಾಡಿದರೆ ಧ್ವನಿ ಬರುತ್ತದೆ, ಮತ್ತೆ ಹೋಗುತ್ತದೆ. ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಪರೀಕ್ಷೆ) ಸರಿಯಾಗಿಯೇ ಇದೆ. ಇಂದು ಬೆಳಿಗ್ಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣದ ಪ್ರಮಾಣ ಹೇಳುತ್ತಿರುವಾಗಲೇ ಕಡಿದುಹೋಯಿತು. ಮಳೆಗಾಲದ ಹೊತ್ತಿನಲ್ಲಿ ರೈತರಿಗೆ ಬೇಕಾಗಿದ್ದದ್ದೇ ಆ ಮಾತು. ದಯವಿಟ್ಟು ದಾರಿ ತೋರಿಸಿ.

ಹಳೆಮಿಕ್ಸರ್:
ಮೊದಲು ಕೇಬಲ್ ಬದಲಿಸಿ ನೋಡಿ ಮೇಡಂ. ಕನೆಕ್ಟರ್ ಸರಿಯಾಗಿ ಕೂರದಿದ್ದರೂ ಹೀಗಾಗುತ್ತದೆ.

ಧ್ವನಿಗೂಡು:
ಎರಡು ಸಲ ಬದಲಿಸಿದೆ ಸರ್, ಪ್ರಯೋಜನವಾಗಲಿಲ್ಲ. ಆದರೆ ಗಡಿಯಾರ ಹಿಡಿದು ಕುಳಿತಾಗ ಒಂದು ವಿಷಯ ಗೊತ್ತಾಯಿತು. ಮೂರು ಸಲವೂ ಧ್ವನಿ ನಿಂತದ್ದು ರಿಸೀವರ್ ಆನ್ ಆಗಿ 4 ನಿಮಿಷ 20 ಸೆಕೆಂಡಿನ ಆಸುಪಾಸಿನಲ್ಲಿ.

ತಂತಿಮನೆ:
ಗಡಿಯಾರ ನೋಡಿದ್ದೇ ಒಳ್ಳೆಯದಾಯಿತು ಮೇಡಂ. ಕೆಟ್ಟ ಕೇಬಲ್ ಹೀಗೆ ಹೊತ್ತು ನೋಡಿಕೊಂಡು ಕೈಕೊಡುವುದಿಲ್ಲ. 4 ನಿಮಿಷ 20 ಸೆಕೆಂಡು ಎಂದರೆ 260 ಸೆಕೆಂಡು. ಯಾವ ಸಾಧನಕ್ಕೆ ಯಾವ ಮಲ್ಟಿಕಾಸ್ಟ್ ಸ್ಟ್ರೀಮ್ ಬೇಕು ಎಂದು ತಿಳಿಸುವ ನಿಯಮಾವಳಿ ಐಜಿಎಂಪಿ. ಅದರ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಸ್ವಿಚ್ ಒಬ್ಬ ಸದಸ್ಯನನ್ನು ನೆನಪಿಟ್ಟುಕೊಳ್ಳುವ ಅವಧಿ ಅಷ್ಟೇ. 125 ಸೆಕೆಂಡಿಗೊಮ್ಮೆ ಕೇಳುವ ಪ್ರಶ್ನೆ ಎರಡು ಸಲ, ಉತ್ತರಕ್ಕೆ 10 ಸೆಕೆಂಡು.

ಶಾಲೆಯ ಹಾಜರಿಯನ್ನು ನೆನೆಯಿರಿ. ಮೇಷ್ಟ್ರು ಹೆಸರು ಕೂಗಿದರೆ ಮಕ್ಕಳು ಓಗೊಡುತ್ತಾರೆ. ನೆಟ್‌ವರ್ಕ್‌ನಲ್ಲಿ ಹಾಗೆ ಕೂಗುವವನು ಕ್ವೆರಿಯರ್. ರಿಸೀವರ್ ಆನ್ ಆದಾಗ ತಾನಾಗಿಯೇ ಒಮ್ಮೆ ‘ನನಗೆ ಈ ಸ್ಟ್ರೀಮ್ ಬೇಕು’ ಎನ್ನುತ್ತದೆ, ಸ್ವಿಚ್ ಬರೆದುಕೊಳ್ಳುತ್ತದೆ. ಆಮೇಲೆ ಯಾರೂ ಕೂಗದಿದ್ದರೆ ರಿಸೀವರ್ ಸುಮ್ಮನಿರುತ್ತದೆ, ಅವಧಿ ಮುಗಿದೊಡನೆ ಸ್ವಿಚ್ ಹೆಸರು ಹೊಡೆದುಹಾಕುತ್ತದೆ. ಪಿಂಗ್‌ಗೆ ಈ ಪಟ್ಟಿಯ ಹಂಗಿಲ್ಲ, ಅದಕ್ಕೇ ಅದು ಸರಿಯಾಗಿದೆ. ಇಷ್ಟು ದಿನ ಆ ಕೆಲಸವನ್ನು ನಿಮ್ಮ ಕಚೇರಿಯ ರೌಟರ್ ಮಾಡುತ್ತಿದ್ದಿರಬೇಕು. ಧ್ವನಿಯ ವಿ-ಲ್ಯಾನ್ ಬೇರೆಯಾದ ಮೇಲೆ ಅಲ್ಲಿ ಮೇಷ್ಟ್ರೇ ಇಲ್ಲ.

ಹೊಸ ಸ್ವಿಚ್‌ನಲ್ಲಿ ಧ್ವನಿಯ ವಿ-ಲ್ಯಾನ್‌ಗೆ ಕ್ವೆರಿಯರ್ ಆನ್ ಮಾಡಿ, ಐಜಿಎಂಪಿ 2ನೇ ಆವೃತ್ತಿ ಇಡಿ. ಆ ವಿ-ಲ್ಯಾನ್‌ನಲ್ಲಿ ಸ್ವಿಚ್‌ಗೆ ಒಂದು ಐಪಿ ವಿಳಾಸ ಕೊಡಿ. ವಿಳಾಸವಿಲ್ಲದೆ ಎಷ್ಟೋ ಸ್ವಿಚ್‌ಗಳು ಪ್ರಶ್ನೆಯನ್ನೇ ಕಳುಹಿಸುವುದಿಲ್ಲ.

ಹಳೆಮಿಕ್ಸರ್:
ಸ್ನೂಪಿಂಗ್ ಅನ್ನೇ, ಅಂದರೆ ಸ್ವಿಚ್ ಆ ಪಟ್ಟಿ ಇಟ್ಟುಕೊಳ್ಳುವುದನ್ನೇ, ಆಫ್ ಮಾಡಿದರೆ ಸುಲಭವಲ್ಲವೇ ಸರ್?

ತಂತಿಮನೆ:
ಧ್ವನಿ ಬರುತ್ತದೆ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. 48 ಕಿಲೋಹರ್ಟ್ಜ್, 24 ಬಿಟ್‌ನ ಒಂದು ಸ್ಟೀರಿಯೊ ಸ್ಟ್ರೀಮ್ ಸೆಕೆಂಡಿಗೆ 1,000 ಪ್ಯಾಕೆಟ್, ತಲೆಬರಹ (ಹೆಡರ್) ಸೇರಿ ಸುಮಾರು 2.8 ಮೆಗಾಬಿಟ್. ಇಪ್ಪತ್ತು ಸ್ಟ್ರೀಮ್ ಇದ್ದರೆ 56 ಮೆಗಾಬಿಟ್, ಬೇಕಿರಲಿ ಬೇಡದಿರಲಿ ಆ ವಿ-ಲ್ಯಾನ್‌ನ ಪ್ರತಿ ಪೋರ್ಟ್‌ಗೂ ನುಗ್ಗುತ್ತದೆ. 100 ಮೆಗಾಬಿಟ್‌ನ ಹಳೆಯ ಸಾಧನ ಅಲ್ಲಿದ್ದರೆ ಏದುಸಿರು ಬಿಡುತ್ತದೆ.

ಧ್ವನಿಗೂಡು:
ಕ್ವೆರಿಯರ್ ಆಫ್ ಆಗಿಯೇ ಇತ್ತು ಸರ್! ಆನ್ ಮಾಡಿ, ವಿಳಾಸ ಕೊಟ್ಟು ಎರಡು ಗಂಟೆಯಾಯಿತು, ಧ್ವನಿ ಒಮ್ಮೆಯೂ ನಿಂತಿಲ್ಲ. ಆಗೊಮ್ಮೆ ಈಗೊಮ್ಮೆ ‘ಟಿಕ್’ ಎಂಬ ಸಣ್ಣ ಸದ್ದು ಮಾತ್ರ ಉಳಿದಿದೆ.

ತಂತಿಮನೆ:
ಸ್ವಿಚ್‌ನಲ್ಲಿ ವಿದ್ಯುತ್ ಉಳಿಸುವ ಈಥರ್‌ನೆಟ್ ಸೌಲಭ್ಯ ಆನ್ ಇರಬಹುದು. ಪೋರ್ಟ್ ಪದೇ ಪದೇ ತೂಕಡಿಸಿ ಏಳುವುದರಿಂದ ಸಾಧನಗಳನ್ನೆಲ್ಲ ಒಂದೇ ಸಮಯಕ್ಕೆ ಹೊಂದಿಸುವ ಪಿಟಿಪಿ ಗಡಿಯಾರ ಅಲುಗಾಡುತ್ತದೆ. ಧ್ವನಿಯ ಪೋರ್ಟ್‌ಗಳಲ್ಲೆಲ್ಲ ಅದನ್ನು ಆಫ್ ಮಾಡಿ.

ಧ್ವನಿಗೂಡು:
ಅದೇ ಆಗಿತ್ತು, ಈಗ ಸದ್ದಿಲ್ಲ. ಸೆಟ್ಟಿಂಗ್‌ಗಳನ್ನೆಲ್ಲ ಸೇವ್ ಮಾಡಿ, ಒಂದು ಪ್ರತಿಯನ್ನು ರ‍್ಯಾಕ್‌ನ ಬಾಗಿಲಿಗೆ ಅಂಟಿಸಿದ್ದೇನೆ. ನಾಳೆ ಬೆಳಿಗ್ಗೆ ಬೋರ್ಡೊ ದ್ರಾವಣದ ಕಾರ್ಯಕ್ರಮವನ್ನು ಮೊದಲಿನಿಂದ ಮತ್ತೆ ಪ್ರಸಾರ ಮಾಡುತ್ತೇವೆ.