ಒಂದೇ ದಿನ ಮುದ್ರಿಸಿದ ಮೂರು ಪ್ರತಿಗಳು: ಇಂಕ್‌ಜೆಟ್ ಫೋಟೊ ಎಷ್ಟು ಕಾಲ ಬಾಳುತ್ತದೆ?

ಪ್ರಶ್ನೆ (ಕುಂದಾಪುರದಿಂದ)

ಎಲ್ಲರಿಗೂ ನಮಸ್ಕಾರ. 1984ರಲ್ಲಿ ನಮ್ಮ ಮನೆಯ ಜಗಲಿಯಲ್ಲಿ ತೆಗೆದ ಅಜ್ಜ ಅಜ್ಜಿಯ ಬಣ್ಣದ ಫೋಟೊವನ್ನು ಸ್ಕ್ಯಾನ್ ಮಾಡಿಸಿ, 2016ರಲ್ಲಿ ಒಂದು ಸ್ಟುಡಿಯೊದಲ್ಲಿ ಗ್ಲಾಸಿ ಪೇಪರಿನ ಮೇಲೆ ಎ4 ಅಳತೆಯ ಮೂರು ಇಂಕ್‌ಜೆಟ್ ಪ್ರತಿಗಳನ್ನು ಒಂದೇ ದಿನ ಹಾಕಿಸಿದ್ದೆ. ಧಾರವಾಡದ ತಂಗಿ ತನ್ನ ಪ್ರತಿಯನ್ನು ಆಲ್ಬಮ್ಮಿನಲ್ಲಿಟ್ಟು ಕಪಾಟಿನೊಳಗೆ ಇರಿಸಿದ್ದಾಳೆ. ಅದು ಇವತ್ತಿಗೂ ಹೊಸದರಂತಿದೆ. ಬೆಂಗಳೂರಿನ ಅಣ್ಣ ಗಾಜಿಲ್ಲದ ಮರದ ಕಟ್ಟು ಹಾಕಿಸಿ, ಬಿಸಿಲು ಬೀಳದ ಗೋಡೆಗೇ ತೂಗುಹಾಕಿದ್ದರೂ ಮುಖಗಳೆಲ್ಲ ಕೆಂಪೇರಿವೆ, ಅಜ್ಜಿಯ ಹಸಿರು ಸೀರೆ ಅರಿಸಿನದ ಬಣ್ಣಕ್ಕೆ ತಿರುಗಿದೆ. ಕಟ್ಟು ಬಿಚ್ಚಿ ನೋಡಿದರೆ, ಮರದ ಅಂಚಿನಡಿ ಮುಚ್ಚಿಹೋಗಿದ್ದ ಬೆರಳುಗಲದ ಪಟ್ಟಿಯಲ್ಲಿ ಮಾತ್ರ ಸೀರೆ ಇನ್ನೂ ಹಸಿರಾಗಿಯೇ ಇದೆ. ನಮ್ಮ ಮನೆಯ ಪ್ರತಿಗೆ ಗಾಜಿದೆ. ಅದರಲ್ಲಿ ಬಣ್ಣ ಅಷ್ಟಾಗಿ ಹೋಗಿಲ್ಲ, ಆದರೆ ಸೀರೆಯ ಅಂಚಿನ ಗೆರೆಗಳು ಹರಡಿಕೊಂಡಿವೆ ಮತ್ತು ಒಂದು ಮೂಲೆ ಗಾಜಿಗೇ ಅಂಟಿಕೊಂಡುಬಿಟ್ಟಿದೆ. ಒಂದೇ ಯಂತ್ರ, ಒಂದೇ ಕಾಗದ, ಹಾಗಿದ್ದೂ ಹೀಗೇಕಾಯಿತು? ಮತ್ತೆ ಮುದ್ರಿಸುವುದಾದರೆ ಯಾವುದನ್ನು ಕೇಳಿ ಮಾಡಿಸಬೇಕು?

ಉತ್ತರ 1 (ಮುದ್ರಣದ ಕೆಲಸದವನು)

ಮೇಡಂ, ಮೂರೂ ಪ್ರತಿಗಳನ್ನು ಹೋಲಿಸಿ ನೋಡಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಕಾರಣವನ್ನು ಅವೇ ಹೇಳುತ್ತಿವೆ. ಬೆಂಗಳೂರಿನ ಪ್ರತಿಯನ್ನು ಕೆಡಿಸಿದ್ದು ಮುಖ್ಯವಾಗಿ ಗಾಳಿ. ಬೇಗ ಒಣಗುವ ಗ್ಲಾಸಿ ಪೇಪರುಗಳ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಶಾಯಿ ಅವುಗಳೊಳಗೆ ಇಳಿದು ಮುದ್ರಣ ಕೈಗೆ ಬರುವಷ್ಟರಲ್ಲೇ ಒಣಗಿರುತ್ತದೆ, ಆದರೆ ಅದೇ ರಂಧ್ರಗಳು ಆಮೇಲೆ ವರ್ಷಗಟ್ಟಲೆ ಗಾಳಿಗೂ ತೆರೆದೇ ಇರುತ್ತವೆ. ವಾಹನದಟ್ಟಣೆ ಮತ್ತು ಬಿಸಿಲು ಎರಡೂ ಇರುವ ಊರಿನ ಗಾಳಿಯಲ್ಲಿ ಹುಟ್ಟುವ ಓಝೋನ್ ಎಂಬ ಅನಿಲ ಡೈ ಶಾಯಿಯ (ಬಣ್ಣ ಕರಗಿರುವ ಶಾಯಿಯ) ಅಣುಗಳನ್ನು ಒಡೆಯುತ್ತದೆ, ಸಾಮಾನ್ಯವಾಗಿ ಮೊದಲು ಸೋಲುವುದು ಸಯಾನ್ (ತಿಳಿನೀಲಿ). ಹಸಿರೆಂದರೆ ಸಯಾನ್ ಮತ್ತು ಹಳದಿ ಸೇರಿದ್ದು; ಸಯಾನ್ ಹೋದರೆ ಹಳದಿ ಉಳಿಯುತ್ತದೆ, ಮುಖದಲ್ಲಾದರೆ ಮಜೆಂಟಾ (ನೇರಳೆಗೆಂಪು) ಎದ್ದು ಕಾಣುತ್ತದೆ. ಮರದ ಅಂಚಿನಡಿಯ ಆ ಹಸಿರು ಪಟ್ಟಿ ಉಳಿದದ್ದು ಅಲ್ಲಿ ಗಾಳಿಯಾಡದೆ ಇದ್ದುದರಿಂದ. ಬೆಳಕೂ ಅಲ್ಲಿ ಬೀಳುತ್ತಿರಲಿಲ್ಲ ನಿಜ, ಆದರೆ ಗಾಜಿನ ಹಿಂದೆ ವರ್ಷಗಳಿಂದ ಬೆಳಕು ಕಂಡ ನಿಮ್ಮ ಪ್ರತಿ ಅಷ್ಟು ಮಾಸದಿರುವುದರಿಂದ ನಾನು ಗಾಳಿಯತ್ತಲೇ ಬೊಟ್ಟು ಮಾಡುತ್ತೇನೆ.

ಇದು ಹೊಸ ಸಮಸ್ಯೆಯಲ್ಲ. 2000ನೆಯ ಇಸವಿಯಲ್ಲಿ ಎಪ್ಸನ್ ಸ್ಟೈಲಸ್ ಫೋಟೊ 870 ಮತ್ತು 1270 ಪ್ರಿಂಟರುಗಳಲ್ಲಿ ಗ್ಲಾಸಿ ಪೇಪರಿನ ಮೇಲೆ ತೆಗೆದ ಪ್ರತಿಗಳು ಅಮೆರಿಕದ ಕೆಲವರ ಮನೆಗಳಲ್ಲಿ ಬಹುಬೇಗ ಕಿತ್ತಳೆ ಬಣ್ಣಕ್ಕೆ ತಿರುಗಿ ದೊಡ್ಡ ಗದ್ದಲವೇ ಆಗಿತ್ತು. ಬೆಳಕಿನ ಪರೀಕ್ಷೆಯಲ್ಲಿ ಗೆದ್ದ ಚಿತ್ರ ಬರಿಯ ಗಾಳಿಗೆ ಸೋಲಬಹುದೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಕುಂದಾಪುರದ ಪ್ರತಿಯದು ಮಳೆಗಾಲದ ತೇವ. ಡೈ ನೀರಿನಲ್ಲಿ ಕರಗುವ ಬಣ್ಣ. ತಿಂಗಳುಗಟ್ಟಲೆ ಥಂಡಿ ಹಿಡಿದರೆ ಅದು ಕಾಗದದೊಳಗೇ ಹರಿದಾಡುತ್ತದೆ. ಅಂಟಿಕೊಂಡ ಮೂಲೆಯನ್ನು ದಯವಿಟ್ಟು ಎಳೆಯಬೇಡಿ, ಬಣ್ಣದ ಪದರ ಗಾಜಿನ ಮೇಲೇ ಉಳಿದುಬಿಡುತ್ತದೆ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ.

ಉತ್ತರ 2 (ಮೈಸೂರಿನಿಂದ)

ಜಾಹೀರಾತಿನಲ್ಲಿ ಕಾಣುವ "100 ವರ್ಷ" ಎಂಬ ಮಾತಿನ ಬಗ್ಗೆಯೂ ಒಂದು ವಿಷಯ ಸೇರಿಸುತ್ತೇನೆ. ಅಮೆರಿಕದ ಅಯೋವಾ ರಾಜ್ಯದ ಗ್ರಿನೆಲ್ ಊರಿನಲ್ಲಿ ಹೆನ್ರಿ ವಿಲ್ಹೆಲ್ಮ್ ಅವರ ಸಂಸ್ಥೆ ಇಂಥ ಪರೀಕ್ಷೆಗಳಿಗೆ ಹೆಸರಾದದ್ದು. ತೀಕ್ಷ್ಣ ಬೆಳಕಿನಡಿ ಪ್ರತಿಯನ್ನು ಇರಿಸಿ, ಆದ ನಷ್ಟವನ್ನು ದಿನಕ್ಕೆ 12 ಗಂಟೆ 450 ಲಕ್ಸ್ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ) ಬೆಳಕು ಎಂಬ ಲೆಕ್ಕಕ್ಕೆ ಇಳಿಸಿ, 24 ಡಿಗ್ರಿ ಸೆಲ್ಸಿಯಸ್ ಮತ್ತು ಶೇ. 60 ಸಾಪೇಕ್ಷ ಆರ್ದ್ರತೆಯಲ್ಲಿ ಇಷ್ಟು ವರ್ಷ ಬಾಳೀತೆಂದು ಅವರು ಅಂದಾಜಿಸುತ್ತಾರೆ. ಕಂಪನಿಯೊಂದು 120 ಲಕ್ಸ್ ಹಿಡಿದು ಲೆಕ್ಕ ಹಾಕಿದರೆ ಅದೇ ಚಿತ್ರದ ಆಯುಷ್ಯ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಕಾಣುತ್ತದೆ. ಆಷಾಢದ ಕರಾವಳಿಯಲ್ಲಿ ಶೇ. 60 ಆರ್ದ್ರತೆ ಎಲ್ಲಿಂದ ಬರಬೇಕು! ಈ ಪರೀಕ್ಷೆಗಳು ಸುಳ್ಳಲ್ಲ. ಒಂದು ಕಾಗದವನ್ನು ಇನ್ನೊಂದರೊಡನೆ ತೂಗಿ ನೋಡಲು ಅವು ಬೇಕೇ ಬೇಕು. ಆದರೆ ಆ ವರ್ಷಗಳ ಲೆಕ್ಕವನ್ನು ನಮ್ಮ ಗೋಡೆಗೆ ಹಾಗೆಯೇ ಅನ್ವಯಿಸುವಂತಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಮ್ಮ ಪ್ರತಿಯ ಗಾಜಿಗೆ ಅಂಟದ ಒಂದು ಅಂಚನ್ನು ಒದ್ದೆ ಹತ್ತಿಯಿಂದ ಮೆಲ್ಲಗೆ ಒತ್ತಿ ನೋಡಿದೆ. ಹತ್ತಿಗೆ ತಿಳಿನೀಲಿ ಹತ್ತಿತು. ಹಾಗಾದರೆ ಇದು ಡೈ ಎಂದೇ ತಿಳಿಯಬೇಕೆ?

ಉತ್ತರ 1 (ಮುದ್ರಣದ ಕೆಲಸದವನು)

ಹೌದು, ಡೈ ಶಾಯಿಯೇ. ಈ ಸಲ ಪಿಗ್ಮೆಂಟ್ ಶಾಯಿಯಲ್ಲೇ ಮುದ್ರಿಸಬೇಕೆಂದು ಸ್ಪಷ್ಟವಾಗಿ ಕೇಳಿ. ಅದರಲ್ಲಿ ಬಣ್ಣ ಕರಗಿರುವುದಿಲ್ಲ, ಘನವಾದ ಸೂಕ್ಷ್ಮ ಕಣಗಳಾಗಿರುತ್ತದೆ. ಬೆಳಕೋ ಓಝೋನೋ ತಾಕಿದರೂ ಕಣದ ಮೇಲ್ಭಾಗ ಮಾತ್ರ ಸವೆದು ಒಳಗಿನದು ಉಳಿಯುತ್ತದೆ, ತೇವಕ್ಕೂ ಅಷ್ಟು ಸುಲಭವಾಗಿ ಹರಡುವುದಿಲ್ಲ. ಕಾಗದ ಹತ್ತಿಯದಾಗಿರಲಿ, ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸದ್ದಾಗಿರಲಿ, ಏಕೆಂದರೆ ಆ ರಾಸಾಯನಿಕದ ಶಕ್ತಿ ಕುಂದಿದಂತೆ ಕಾಗದ ಹಳದಿಯಾಗಿ ಕಾಣತೊಡಗುತ್ತದೆ. ಬೆಲೆ ಜಾಸ್ತಿಯೇ, ಗೋಡೆಗೆ ಹಾಕುವ ಒಂದು ಪ್ರತಿಗಾದರೂ ಆ ಖರ್ಚು ಮಾಡಿ. ಆಲ್ಬಮ್ಮಿಗೆ ಬೇಕಾದ ಪ್ರತಿಗಳನ್ನು ಕಲರ್ ಲ್ಯಾಬಿನಲ್ಲಿ ರಾಸಾಯನಿಕ ವಿಧಾನದಿಂದ ತೊಳೆದು ಕೊಡುವ ಮಾಮೂಲಿ ಫೋಟೊ ಪೇಪರಿನಲ್ಲೇ ಮಾಡಿಸಬಹುದು, ಇಂದಿನ ಒಳ್ಳೆಯ ಕಾಗದಗಳು ಕತ್ತಲಲ್ಲಿ ಚೆನ್ನಾಗಿ ಬಾಳುತ್ತವೆ.

ಮುದ್ರಿಸಿದ ದಿನವೇ ಕಟ್ಟು ಹಾಕಿಸಬೇಡಿ. ಶಾಯಿಯಲ್ಲಿರುವ ಗ್ಲೈಕಾಲ್ ಎಂಬ, ನಿಧಾನವಾಗಿ ಆರುವ ದ್ರವ ಆವಿಯಾಗಿ ಗಾಜಿನ ಒಳಮೈಗೆ ಮಂಜಿನಂತೆ ಕೂರುತ್ತದೆ, ಆದ್ದರಿಂದ ಒಂದು ದಿನವಾದರೂ ಒಣಗಲು ಬಿಡಿ. ಚಿತ್ರಕ್ಕೂ ಗಾಜಿಗೂ ನಡುವೆ ಆಮ್ಲರಹಿತ ಮೌಂಟ್ ಬೋರ್ಡಿನ ಚೌಕಟ್ಟು ಇರಲೇಬೇಕು. ನಿಮ್ಮ ಮೂಲೆ ಅಂಟಿದ್ದು ಆ ಅಂತರ ಇಲ್ಲದ್ದರಿಂದಲೇ. ಹೊರಗೋಡೆ ಮಳೆಗೆ ನೆನೆಯುವ ಕಡೆ ತೂಗುಹಾಕದೆ ಒಳಗೋಡೆಗೆ ಹಾಕಿ.

1984ರ ಮೂಲ ಫೋಟೊ ಮಾಸಿದ್ದರೂ ಎಸೆಯಬೇಡಿ. ಇಂದಿನ ಸ್ಕ್ಯಾನರಿನಲ್ಲಿ ಅದನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ, ಬಣ್ಣ ಸರಿಪಡಿಸುವವರಿಗೆ ತಂಗಿಯ ಪ್ರತಿಯನ್ನು ಮಾದರಿಯಾಗಿ ತೋರಿಸಿ. ಹೊಸ ಪ್ರತಿಯ ಬೆನ್ನಿನ ಅಂಚಿನಲ್ಲಿ ಮೆದು ಪೆನ್ಸಿಲಿನಿಂದ ಮುದ್ರಿಸಿದ ತಾರೀಖು, ಶಾಯಿ ಮತ್ತು ಕಾಗದದ ಹೆಸರು, ಜೊತೆಗೆ ಅಜ್ಜ ಅಜ್ಜಿಯ ಹೆಸರನ್ನೂ ಬರೆದಿಡಿ.