ಮ್ಯೂನಿಕ್‌ನಿಂದ ಪ್ರಾಗ್‌ಗೆ ಅಪ್ಪ ಅಮ್ಮನ ಜೊತೆ: ಬಸ್ಸಾ, ರೈಲಾ?

ಇಸಾರ್_ದಂಡೆ:

ಎಲ್ಲರಿಗೂ ನಮಸ್ಕಾರ. ನಾವು ಮ್ಯೂನಿಕ್‌ನಲ್ಲಿ ಇದ್ದೇವೆ, ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಮ್ಮನಿಗೆ ಪ್ರಾಗ್ ನೋಡಬೇಕು ಅಂತ ತುಂಬಾ ದಿನದ ಆಸೆ. ಸೆಪ್ಟೆಂಬರ್ ಕೊನೆಯ ವಾರ ಮೂರು ರಾತ್ರಿ ಹೋಗಿ ಬರೋಣ ಅಂದುಕೊಂಡಿದ್ದೇವೆ. ನಾನು, ನಮ್ಮ ಯಜಮಾನರು, ನಾಲ್ಕು ವರ್ಷದ ಮಗಳು, ಅಪ್ಪ ಅಮ್ಮ, ಒಟ್ಟು ಐದು ಜನ. ಕಾರ್ ಇಲ್ಲ.

ಬಸ್ ನೋಡಿದರೆ ಐದು ಗಂಟೆಯ ಆಸುಪಾಸು ತೋರಿಸುತ್ತದೆ. ನೇರ ರೈಲು ಇದೆ, ಆದರೆ ಅದು ಐದೂವರೆ ಗಂಟೆಗೂ ಮೇಲೆ. ಟಿಕೆಟ್ ಕೂಡ ಬಸ್ಸಿಗೇ ಕಡಿಮೆ. ಯೂರೋಪಿನಲ್ಲಿ ರೈಲೇ ಬೇಗ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ಇಲ್ಲಿ ಯಾಕೆ ಉಲ್ಟಾ?

ಅಪ್ಪನಿಗೆ 68, ಶುಗರ್ ಇದೆ, ಗಂಟೆಗೊಮ್ಮೆಯಾದರೂ ಎದ್ದು ಹೋಗಬೇಕಾಗುತ್ತದೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಕಷ್ಟ. ಮಗಳು ಒಂದು ಕಡೆ ಕೂರುವವಳೇ ಅಲ್ಲ. ಇನ್ನೊಂದು ವಿಷಯ, ಅಪ್ಪ ಅಮ್ಮನ ವೀಸಾ ಜರ್ಮನಿ ಕೊಟ್ಟಿದ್ದು, ಸಿಂಗಲ್ ಎಂಟ್ರಿ. ಪ್ರಾಗ್‌ಗೆ ಹೋಗಿ ವಾಪಸ್ ಬರಲು ತೊಂದರೆ ಆಗುತ್ತಾ? ಈ ದಾರಿಯಲ್ಲಿ ಓಡಾಡಿದವರು ದಯವಿಟ್ಟು ಹೇಳಿ.

ಪಿಲ್ಸೆನ್_ವಾಸಿ:

ಯಾಕೆ ಉಲ್ಟಾ ಅನ್ನುವುದನ್ನು ಮೊದಲು ಹೇಳುತ್ತೇನೆ, ಅದು ಗೊತ್ತಾದರೆ ಮಿಕ್ಕಿದ್ದು ಸುಲಭ. ಮ್ಯೂನಿಕ್‌ನಿಂದ ಲಾಂಡ್ಸ್‌ಹುಟ್ ಮೇಲೆ ರೇಗೆನ್ಸ್‌ಬರ್ಗ್‌ವರೆಗೆ ರೈಲು ಚೆನ್ನಾಗಿ ಓಡುತ್ತದೆ. ಆಮೇಲೆ ಶ್ವಾಂಡೋರ್ಫ್ ದಾಟಿ ಪೂರ್ವಕ್ಕೆ ತಿರುಗಿದ ಮೇಲೆ ಗಡಿಯ ಎರಡೂ ಕಡೆ ಬಹುದೂರ ಒಂಟಿ ಹಳಿ, ಮೇಲೆ ವಿದ್ಯುತ್ ತಂತಿ ಇಲ್ಲ, ಡೀಸೆಲ್ ಎಂಜಿನ್. ಎದುರಿನ ರೈಲು ಬರುವವರೆಗೆ ಸ್ಟೇಷನ್ನಿನಲ್ಲಿ ಕಾಯಬೇಕಾಗುತ್ತದೆ. ಫುರ್ಥ್ ಇಮ್ ವಾಲ್ಡ್ ಗಡಿ ದಾಟುವ ಈ ದಾರಿ 1861ರದ್ದು, ಗುಡ್ಡ ಬಂದಲ್ಲಿ ಬಳಸಿಕೊಂಡು ಹೋಗುತ್ತದೆ. ಬಸ್ಸಿಗೆ ಹಾಗಲ್ಲ, ವೈಡ್‌ಹೌಸ್ ಹತ್ತಿರ ಗಡಿ ದಾಟಿ ಪ್ರಾಗ್‌ವರೆಗೂ ಒಳ್ಳೆಯ ಹೆದ್ದಾರಿ. ಮ್ಯೂನಿಕ್ ಮತ್ತು ಪ್ರಾಗ್ ಇಷ್ಟು ದೊಡ್ಡ ಊರುಗಳು, ಇಷ್ಟು ಹತ್ತಿರ ಇದ್ದೂ ನಡುವೆ ಒಂದು ಸರಿಯಾದ ರೈಲು ದಾರಿ ಇಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ. ದಾರಿ ಸುಧಾರಿಸುವ ಮಾತು ಎಷ್ಟೋ ವರ್ಷದಿಂದ ನಡೆಯುತ್ತಲೇ ಇದೆ. ಗಡಿಯಾಚೆ ಚೆಕ್ ದೇಶದಲ್ಲಿ ನಾನಿರುವ ಪಿಲ್ಸೆನ್ ಊರಿನಿಂದ ಪ್ರಾಗ್ ಕಡೆಗೆ ಮಾತ್ರ ಕೆಲಸ ಆಗಿದೆ, 2018ರಲ್ಲಿ ಎಯ್ಪೊವಿಟ್ಸೆ ಸುರಂಗದಲ್ಲಿ ರೈಲು ಓಡಲು ಶುರುವಾಯಿತು, ನಾಲ್ಕು ಕಿಲೋಮೀಟರ್‌ಗಿಂತ ಸ್ವಲ್ಪ ಉದ್ದ, ಅಲ್ಲಿ ಸಮಯ ಚೆನ್ನಾಗಿ ಉಳಿಯುತ್ತದೆ.

ಆದರೂ ನಿಮ್ಮ ವಿಷಯದಲ್ಲಿ ನನ್ನ ಉತ್ತರ ರೈಲು. ಅಪ್ಪನವರು ಗಂಟೆಗೊಮ್ಮೆ ಏಳಬೇಕು ಅಂದಿರಲ್ಲ, ಅಲ್ಲಿಗೆ ತೀರ್ಮಾನ ಆಯಿತು. ಬಸ್ಸಿನಲ್ಲಿ ಟಾಯ್ಲೆಟ್ ಇರುತ್ತದೆ, ನಿಜ. ಆದರೆ ಹೆಚ್ಚಿನ ಬಸ್ಸುಗಳಲ್ಲಿ ಅದು ಮಧ್ಯದ ಬಾಗಿಲಿನ ಹತ್ತಿರ, ಕಡಿದಾದ ಎರಡು ಮೂರು ಮೆಟ್ಟಿಲು ಇಳಿದು ಹೋಗಬೇಕು, ಒಳಗೆ ತಿರುಗಲು ಜಾಗ ಇಲ್ಲ, ಬಸ್ಸು ನೂರರ ವೇಗದಲ್ಲಿ ಓಡುತ್ತಿರುತ್ತದೆ. 68 ವರ್ಷದವರಿಗೆ ಅದನ್ನು ಮತ್ತೆ ಮತ್ತೆ ಮಾಡಿ ಅನ್ನುವುದು ಸರಿಯಲ್ಲ. ಕೊನೆಗೆ ಏನಾಗುತ್ತದೆ ಗೊತ್ತಾ, ನಮ್ಮ ಹಿರಿಯರು ಯಾರಿಗೂ ತೊಂದರೆ ಬೇಡ ಅಂತ ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಶುಗರ್ ಇರುವವರಿಗೆ ಅದು ಒಳ್ಳೆಯದಲ್ಲ. ರೈಲಿನಲ್ಲಿ ಸಮತಟ್ಟಾದ ಕಾರಿಡಾರ್, ಹಿಡಿದುಕೊಳ್ಳಲು ಸೀಟು, ಹೋಗಿ ಬರಬಹುದು. ಮಗಳೂ ಅಡ್ಡಾಡುತ್ತಾಳೆ.

ಒಂದೇ ಎಚ್ಚರಿಕೆ: ಹತ್ತುವಾಗ ಬೋಗಿಯ ಮೆಟ್ಟಿಲು ಎತ್ತರ ಇರಬಹುದು. ಒಬ್ಬರು ಮೊದಲು ಹತ್ತಿ ಮೇಲಿಂದ ಅಮ್ಮನ ಕೈ ಹಿಡಿಯಿರಿ, ಇನ್ನೊಬ್ಬರು ಕೆಳಗಿರಿ, ಲಗೇಜ್ ಆಮೇಲೆ. ಸೀಟು ಮೊದಲೇ ಕಾದಿರಿಸಿ. ಆರು ಜನರ ಕೂಪೆ ಸಿಕ್ಕಿದರೆ ನಿಮ್ಮ ಐದು ಜನಕ್ಕೆ ಹೇಳಿ ಮಾಡಿಸಿದ ಹಾಗೆ. ಮನೆಯಿಂದ ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗಿ ನೆಮ್ಮದಿಯಾಗಿ ತಿನ್ನಿ. ಅಪ್ಪನವರಿಗೆ ಹೊತ್ತಿಗೆ ಸರಿಯಾಗಿ ಊಟ ಆಗಬೇಕಲ್ವಾ.

ಪಿಲ್ಸೆನ್‌ನಲ್ಲಿ ಇಳಿದು ಎರಡು ಗಂಟೆ ಕಾಲಾಡಿಸಿ ಮುಂದಿನ ರೈಲು ಹಿಡಿಯುವುದೂ ಒಂದು ದಾರಿ. ಇಲ್ಲಿಂದ ಪ್ರಾಗ್‌ಗೆ ರೈಲುಗಳು ಜಾಸ್ತಿ. ಹಾಗೆ ಮಾಡುವುದಾದರೆ ಟಿಕೆಟ್ ಅದಕ್ಕೆ ತಕ್ಕ ಹಾಗೆ ತೆಗೆದುಕೊಳ್ಳಿ, ಒಂದೇ ರೈಲಿಗೆ ಕಟ್ಟಿಹಾಕುವ ಅಗ್ಗದ ಟಿಕೆಟ್ ಬೇಡ. ಚೆಕ್ ದೇಶದೊಳಗಿನ ರೈಲಿನಲ್ಲಿ 65 ದಾಟಿದವರಿಗೆ ಅರ್ಧ ದರ, ವಿದೇಶದವರಿಗೂ ಉಂಟು, ಪಾಸ್‌ಪೋರ್ಟ್ ತೋರಿಸಿದರೆ ಸಾಕು.

ಶುಕ್ರವಾರದ_ಬಸ್:

ನಾನು ಬಸ್ಸಿನ ಪರ. ಪ್ರಾಗ್‌ನಲ್ಲಿ ಕೆಲಸ, ಮನೆ ಮ್ಯೂನಿಕ್‌ನಲ್ಲಿ, ವರ್ಷಗಳಿಂದ ಬಸ್ಸಿನಲ್ಲೇ ಓಡಾಡುತ್ತಿದ್ದೇನೆ. ಒಬ್ಬನೇ ಹೋಗುವವನಿಗೆ, ಒಂದು ಬ್ಯಾಗ್ ಇರುವವನಿಗೆ ಇದಕ್ಕಿಂತ ಒಳ್ಳೆಯದು ಈ ದಾರಿಯಲ್ಲಿ ಇಲ್ಲ. ಫ್ಲಿಕ್ಸ್‌ಬಸ್ ಇದೆ, ರೆಜಿಯೋಜೆಟ್ ಇದೆ, ಬೆಳಗ್ಗೆಯಿಂದ ರಾತ್ರಿವರೆಗೂ ಒಂದಲ್ಲ ಒಂದು ಸಿಗುತ್ತದೆ. ರೈಲು ಅಷ್ಟು ಸಲ ಇಲ್ಲ, ತಪ್ಪಿದರೆ ಮುಂದಿನದಕ್ಕೆ ಸುಮಾರು ಎರಡು ಗಂಟೆ ಕಾಯಬೇಕು. ಪಿಲ್ಸೆನ್_ವಾಸಿ ಹೇಳಿದ ಟಾಯ್ಲೆಟ್ ಮಾತು ಒಪ್ಪುತ್ತೇನೆ, ಆದರೆ ಎಲ್ಲರಿಗೂ ರೈಲೇ ಸರಿ ಅಂತ ಓದುವವರು ತಿಳಿದುಕೊಳ್ಳಬಾರದು.

ಬಸ್ಸಿಗೇ ಹೋಗುವುದಾದರೆ ಇದನ್ನು ನೋಡಿ. ಡಬಲ್ ಡೆಕ್ಕರ್ ಬಂದರೆ ಕೆಳಗಿನ ಅಂತಸ್ತಿನ ಸೀಟು ಕಾದಿರಿಸಿ, ಹಣ ಸ್ವಲ್ಪ ಜಾಸ್ತಿ ಆದರೂ ಮಂಡಿನೋವಿನವರಿಗೆ ಅದೇ ಸರಿ. ಒಬ್ಬ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು, ಅದು ಯೂರೋಪಿನ ಕಾನೂನು. ಈ ದಾರಿ ಸರಿಸುಮಾರು ಅಷ್ಟೇ ಹೊತ್ತಿನದು, ಹಾಗಾಗಿ ಕೆಲವು ಬಸ್ಸುಗಳು ಉದ್ದದ ವಿರಾಮವೇ ಇಲ್ಲದೆ ಹೋಗಿಬಿಡುತ್ತವೆ. ನಡುವೆ ಎಲ್ಲಾದರೂ ನಿಲ್ಲಿಸುತ್ತಾರೆ, ಕಾಲು ಚಾಚಬಹುದು ಅಂತ ಲೆಕ್ಕ ಹಾಕಬೇಡಿ. ಲಗೇಜ್ ಮಿತಿಯೂ ಇದೆ, ಫ್ಲಿಕ್ಸ್‌ಬಸ್ಸಿನಲ್ಲಿ ತಲೆಗೆ ಒಂದು ದೊಡ್ಡ ಬ್ಯಾಗ್, 20 ಕಿಲೋ, ಜೊತೆಗೆ ಕೈಯಲ್ಲಿ ಒಂದು ಚಿಕ್ಕದು. ಮೂರು ರಾತ್ರಿಗೆ ಅದು ಧಾರಾಳ.

ಇದಕ್ಕಿಂತ ಮುಖ್ಯವಾದದ್ದು ನಿಮ್ಮ ದಿನಾಂಕ. ಸೆಪ್ಟೆಂಬರ್ ಕೊನೆಯ ವಾರ ಅಂದರೆ ಮ್ಯೂನಿಕ್‌ನ ದೊಡ್ಡ ಬಿಯರ್ ಜಾತ್ರೆ ಅಕ್ಟೋಬರ್‌ಫೆಸ್ಟ್ ನಡೆಯುತ್ತಿರುತ್ತದೆ. ಮ್ಯೂನಿಕ್‌ನ ದೂರದ ಬಸ್ಸುಗಳ ನಿಲ್ದಾಣ ಇರುವುದು ಹ್ಯಾಕರ್‌ಬ್ರೂಕೆ ಸ್ಟೇಷನ್ ಪಕ್ಕದಲ್ಲಿ, ಜಾತ್ರೆಗೆ ಹೋಗುವವರೆಲ್ಲ ಎಸ್-ಬಾನ್ (ಊರೊಳಗೆ ಓಡಾಡುವ ರೈಲು) ಇಳಿಯುವುದೂ ಅಲ್ಲೇ. ಆ ಮೆಟ್ಟಿಲಿನ ಮೇಲೆ ಆ ದಿನಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಮ್ಮನವರನ್ನೂ ಮಗುವನ್ನೂ ಲಗೇಜನ್ನೂ ಆ ಜನರ ನಡುವೆ ನಡೆಸಿಕೊಂಡು ಹೋಗುವ ಬದಲು ಟ್ಯಾಕ್ಸಿಯಲ್ಲಿ ನಿಲ್ದಾಣದ ಬಾಗಿಲಿಗೇ ಇಳಿಯಿರಿ. ಸೆಪ್ಟೆಂಬರ್ 28 ಚೆಕ್ ದೇಶದಲ್ಲಿ ರಜೆ, ಸಂತ ವಾತ್ಸ್ಲಾವನ ದಿನ. ಆ ರಜೆಯ ಸುತ್ತಮುತ್ತ ಬಸ್, ರೈಲು, ಹೋಟೆಲ್ ಮೂರೂ ತುಂಬುತ್ತವೆ, ಬಸ್ಸಿನ ದರವೂ ಏರುತ್ತದೆ. ಆ ವಾರವೇ ಆಗಬೇಕಾ? ಒಂದು ಎರಡು ವಾರ ಮುಂಚೆ ಹೋಗುವುದಾದರೆ ಎಲ್ಲವೂ ಸಲೀಸು.

ನಿಯಮ_ಓದುವವ:

ವೀಸಾ ಬಗ್ಗೆ ಯಾರೂ ಹೇಳಿಲ್ಲ, ಹೇಳಿಬಿಡುತ್ತೇನೆ. ತೊಂದರೆ ಇಲ್ಲ. ಚೆಕ್ ದೇಶ 2007ರ ಡಿಸೆಂಬರ್‌ನಿಂದ ಷೆಂಗೆನ್ (ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳ ಗುಂಪು) ಒಳಗಿದೆ. ಸಿಂಗಲ್ ಎಂಟ್ರಿ ಅಂದರೆ ಷೆಂಗೆನ್ ಪ್ರದೇಶಕ್ಕೆ ಒಂದು ಸಲ ಪ್ರವೇಶ, ಜರ್ಮನಿಗೆ ಒಂದು ಸಲ ಅಂತ ಅಲ್ಲ. ಒಳಗೆ ಬಂದ ಮೇಲೆ ಪ್ರಾಗ್‌ಗೆ ಹೋಗಿ ಬಂದರೆ ಅದನ್ನು ಹೊರಗೆ ಹೋದ ಹಾಗೆ ಲೆಕ್ಕ ಹಾಕುವುದಿಲ್ಲ. ವೀಸಾದ ಮೇಲೆ ಇರುವ ದಿನಗಳ ಒಳಗೆ ಇದ್ದರೆ ಆಯಿತು, ಲಂಡನ್ ಕಡೆ ಮಾತ್ರ ಹೋಗಬಾರದು.

ಆದರೆ ಪಾಸ್‌ಪೋರ್ಟ್ ಕೈಯಲ್ಲೇ ಇರಲಿ, ಫೋನಿನಲ್ಲಿರುವ ಫೋಟೋ ನಡೆಯುವುದಿಲ್ಲ. 2023ರ ಅಕ್ಟೋಬರ್‌ನಿಂದ ಜರ್ಮನಿ ಚೆಕ್ ಗಡಿಯಲ್ಲಿ ಮತ್ತೆ ತಪಾಸಣೆ ಶುರು ಮಾಡಿದೆ, ಆಮೇಲೆ ಅದನ್ನು ಮುಂದುವರಿಸುತ್ತಲೇ ಬಂದಿದೆ. ಪ್ರಾಗ್‌ನಿಂದ ವಾಪಸ್ ಬರುವಾಗ ಪೊಲೀಸರು ಬಸ್ಸು ನಿಲ್ಲಿಸಿ ಒಬ್ಬೊಬ್ಬರದೇ ನೋಡಬಹುದು. ಯಾರದ್ದೋ ಕಾಗದ ಸರಿ ಇಲ್ಲ ಅಂದರೆ ಇಡೀ ಬಸ್ಸು ಕಾಯಬೇಕು. ರೈಲಿನಲ್ಲೂ ಹತ್ತಿ ನೋಡುತ್ತಾರೆ. ನೀವು ಮತ್ತು ಯಜಮಾನರು ಪಾಸ್‌ಪೋರ್ಟ್ ಜೊತೆ ರೆಸಿಡೆನ್ಸ್ ಕಾರ್ಡ್ ಮರೆಯಬೇಡಿ, ಮಗಳದ್ದೂ. ಇವನ್ನು ಲಗೇಜ್ ಡಿಕ್ಕಿಗೆ ಹಾಕುವ ಬ್ಯಾಗಿನಲ್ಲಿ ಇಡಬೇಡಿ.

ಇನ್ನೊಂದು, ತಡವಾದರೆ ಏನು ಅನ್ನುವುದರಲ್ಲಿ ಬಸ್ಸಿಗೂ ರೈಲಿಗೂ ದೊಡ್ಡ ವ್ಯತ್ಯಾಸ ಇದೆ. ರೈಲು ಊರು ಸೇರುವುದು ಒಂದು ಗಂಟೆ ತಡವಾದರೆ ಟಿಕೆಟ್ ಹಣದ ಕಾಲು ಭಾಗ, ಎರಡು ಗಂಟೆ ತಡವಾದರೆ ಅರ್ಧ ವಾಪಸ್ ಕೇಳಬಹುದು. ಕೆಲವು ವಿನಾಯಿತಿಗಳಿವೆ, ಆದರೆ ನಿಯಮ ಇದು. ಬಸ್ಸಿಗೆ ಹೀಗಿಲ್ಲ. 250 ಕಿಲೋಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇರುವ ದಾರಿಯಲ್ಲಿ ಬಸ್ಸು ಹೊರಡುವುದೇ ಎರಡು ಗಂಟೆಗಿಂತ ತಡವಾದರೆ ಅಥವಾ ರದ್ದಾದರೆ, ಹಣ ವಾಪಸ್ ಬೇಕಾ, ಬೇರೆ ಬಸ್ಸಿನಲ್ಲಿ ಹೋಗುತ್ತೀರಾ ಅಂತ ಅವರು ಕೇಳಬೇಕು. ಆ ಆಯ್ಕೆ ಕೊಡದೇ ಹೋದರೆ ಮಾತ್ರ ಅರ್ಧ ಹಣದ ಪರಿಹಾರ. ಸಮಯಕ್ಕೆ ಸರಿಯಾಗಿ ಹೊರಟು ಹೆದ್ದಾರಿಯಲ್ಲೋ ಗಡಿಯಲ್ಲೋ ಮೂರು ಗಂಟೆ ಸಿಕ್ಕಿಹಾಕಿಕೊಂಡರೆ ಬಸ್ಸಿನವರು ಏನೂ ಕೊಡಬೇಕಾಗಿಲ್ಲ. ಬಸ್ ಟಿಕೆಟ್ ಅಗ್ಗ ಅಂತ ಹೇಳುವಾಗ ಇದನ್ನೂ ತೂಗಿ ನೋಡಿ. ಸಣ್ಣ ಮಗು, ಹಿರಿಯರು ಜೊತೆಗಿದ್ದಾಗ ತಡ ಅನ್ನುವುದು ಬರೀ ಸಮಯದ ಪ್ರಶ್ನೆ ಅಲ್ಲ.

ಇಸಾರ್_ದಂಡೆ:

ಎಲ್ಲರಿಗೂ ತುಂಬಾ ಧನ್ಯವಾದ. ವೀಸಾ ವಿಷಯ ಓದಿ ಅಪ್ಪನಿಗೆ ನೆಮ್ಮದಿ ಆಯಿತು, ಎರಡು ಸಲ ಓದಿಸಿ ಕೇಳಿಕೊಂಡರು. ನೀರು ಕುಡಿಯದೇ ಇರುವ ಮಾತು ನೂರಕ್ಕೆ ನೂರು ನಿಜ, ಅಪ್ಪ ಇಲ್ಲಿ ಊರೊಳಗೆ ಹೋಗುವಾಗಲೂ ಹಾಗೇ ಮಾಡುತ್ತಾರೆ.

ರೈಲು ಅಂತ ಮನಸ್ಸು ಮಾಡಿದ್ದೇವೆ, ಸೆಪ್ಟೆಂಬರ್ ಎರಡನೇ ವಾರಕ್ಕೆ ರಜೆ ಬದಲಾಯಿಸಲು ಯಜಮಾನರು ಆಫೀಸಿನಲ್ಲಿ ಕೇಳುತ್ತಾರೆ. ನಮ್ಮಿಬ್ಬರಿಗೂ ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿಯ ಪ್ರಾದೇಶಿಕ ರೈಲುಗಳಿಗೆ ನಡೆಯುವ ತಿಂಗಳ ಪಾಸ್) ಇದೆ, ತಿಂಗಳಿಗೆ 63 ಯೂರೋ ಕೊಡುತ್ತಲೇ ಇದ್ದೇವೆ. ಅದು ಈ ರೈಲಿಗೆ ಆಗುತ್ತಾ, ಇಲ್ಲಾ ಎಲ್ಲರಿಗೂ ಪೂರ್ತಿ ಟಿಕೆಟ್ ತೆಗೆಯಬೇಕಾ?

ಪಿಲ್ಸೆನ್_ವಾಸಿ:

ಆಗುತ್ತದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಒಳಗೆ ಈ ರೈಲು ಪ್ರಾದೇಶಿಕ ರೈಲು, ಹಾಗಾಗಿ ಫುರ್ಥ್ ಇಮ್ ವಾಲ್ಡ್‌ವರೆಗೆ ನಿಮ್ಮಿಬ್ಬರಿಗೆ ಡಾಯ್ಚ್‌ಲಾಂಡ್ ಟಿಕೆಟ್ ಸಾಕು. ಅಪ್ಪ ಅಮ್ಮನಿಗೆ ಅಲ್ಲಿಯವರೆಗೆ ಬಾಯರ್ನ್ ಟಿಕೆಟ್ (ಬವೇರಿಯಾದ ಒಂದು ದಿನದ ಟಿಕೆಟ್) ತೆಗೆಯಿರಿ, ಇಬ್ಬರಿಗೂ ಸೇರಿಸಿ ಒಂದೇ. ಅದು ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ಮೇಲೆ ಮಾತ್ರ ನಡೆಯುತ್ತದೆ, ಶನಿವಾರ ಭಾನುವಾರ ಆ ಮಿತಿ ಇಲ್ಲ. ಅಲ್ಲಿಂದ ಪ್ರಾಗ್‌ವರೆಗೆ ಎಲ್ಲರಿಗೂ ಚೆಕ್ ರೈಲ್ವೆಯ ಆ್ಯಪ್‌ನಲ್ಲಿ ಟಿಕೆಟ್ ತೆಗೆಯಿರಿ. ಹೊರಡುವ ಜಾಗ ಅಂತ ಫುರ್ಥ್ ಇಮ್ ವಾಲ್ಡ್ ಗಡಿಯನ್ನೇ ಆರಿಸಿಕೊಳ್ಳಿ. ಮಗಳಿಗೆ ಆರು ತುಂಬಿಲ್ಲ, ಅವಳಿಗೆ ಟಿಕೆಟ್ ಬೇಡ. ರೈಲು ಬದಲಾಯಿಸುವ ಕೆಲಸ ಇಲ್ಲ, ಕೂತಲ್ಲೇ ಕೂತಿರಬಹುದು, ಗಡಿ ದಾಟಿದ ಮೇಲೆ ಎರಡನೇ ಟಿಕೆಟ್ ತೋರಿಸಿದರೆ ಆಯಿತು.

ಇದರಲ್ಲಿ ಒಂದು ಕೊರತೆ ಇದೆ. ಟಿಕೆಟ್ ಎರಡು ತುಂಡಾದರೆ ತಡದ ಪರಿಹಾರವೂ ತುಂಡು ತುಂಡಾಗಿಯೇ ಲೆಕ್ಕ ಆಗುತ್ತದೆ. ನನಗೆ ಅದು ದೊಡ್ಡ ವಿಷಯ ಅನ್ನಿಸುವುದಿಲ್ಲ, ಉಳಿಯುವ ಹಣ ಅದಕ್ಕಿಂತ ಜಾಸ್ತಿ. ಸೀಟು ಕಾದಿರಿಸುವುದನ್ನು ಮಾತ್ರ ಮ್ಯೂನಿಕ್‌ನಿಂದಲೇ ಮಾಡಿ, ಗಡಿಯಿಂದ ಅಲ್ಲ.

ಪಿಲ್ಸೆನ್ ಬಿಟ್ಟ ಮೇಲೆ ಬೆರೌನ್ ಕಳೆದು ನದಿ ಪಕ್ಕದಲ್ಲೇ ರೈಲು ಹೋಗುತ್ತದೆ, ಕಾರ್ಲ್‌ಷ್ಟೈನ್ ಕೋಟೆ ಅಲ್ಲೇ ಬೆಟ್ಟದ ಮೇಲೆ ಕಾಣುತ್ತದೆ. ಅಮ್ಮನವರನ್ನು ಆ ಹೊತ್ತಿಗೆ ಕಿಟಕಿ ಪಕ್ಕ ಕೂರಿಸಿ. ಬಸ್ಸಿನ ದಾರಿಯಲ್ಲಿ ಇದು ಸಿಗುವುದಿಲ್ಲ. ಪ್ರಾಗ್‌ನಲ್ಲಿ ಇಳಿದ ಮೇಲೆ ಸ್ಟೇಷನ್ನಿನ ಹಳೆಯ ಕಟ್ಟಡಕ್ಕೂ ಒಂದು ಸಲ ಹೋಗಿ, 1909ರಲ್ಲಿ ಮುಗಿದದ್ದು, ಗುಮ್ಮಟದ ಹಾಲ್ ತುಂಬಾ ಚೆನ್ನಾಗಿದೆ. ಅವಸರದಲ್ಲಿ ಜನ ಕೆಳಗಿನ ಹೊಸ ಹಾಲ್‌ನಿಂದಲೇ ಹೊರಟುಬಿಡುತ್ತಾರೆ.

ಶುಕ್ರವಾರದ_ಬಸ್:

ವಾರ ಬದಲಾಯಿಸಿದ್ದು ಒಳ್ಳೆಯದಾಯಿತು. ಒಂದು ಮಾತು: ಈ ದಾರಿಯಲ್ಲಿ ಹಳಿ ಕೆಲಸ ಬಂದರೆ ನಡುವೆ ಒಂದಿಷ್ಟು ದೂರ ರೈಲಿನ ಬದಲು ಬಸ್ಸಿನಲ್ಲಿ ಕಳಿಸುತ್ತಾರೆ. ಲಗೇಜ್ ಇಳಿಸಿ, ಹತ್ತಿಸಿ, ಮತ್ತೆ ಇಳಿಸಬೇಕು, ಅಮ್ಮನವರ ಮಂಡಿಗೆ ಅದು ತೀರಾ ಕಷ್ಟ. ಟಿಕೆಟ್ ತೆಗೆಯುವ ಮುಂಚೆ ನಿಮ್ಮ ದಿನಾಂಕಕ್ಕೆ ಹಾಗೇನಾದರೂ ಇದೆಯಾ ನೋಡಿ, ಹೊರಡುವ ಹಿಂದಿನ ದಿನ ಮತ್ತೊಮ್ಮೆ ನೋಡಿ. ಇದೆ ಅಂತ ಕಂಡರೆ ಆ ದಿನ ಸುಮ್ನೆ ನೇರ ಬಸ್ಸಿಗೇ ಹೋಗಿ, ಕೆಳಗಿನ ಸೀಟು ತೆಗೆದುಕೊಳ್ಳಿ. ಫ್ಲೋರೆಂಟ್ಸ್ ಬಸ್ ನಿಲ್ದಾಣಕ್ಕೂ ಪ್ರಾಗ್ ಮುಖ್ಯ ರೈಲು ನಿಲ್ದಾಣಕ್ಕೂ ಮೆಟ್ರೋದಲ್ಲಿ ಒಂದೇ ಸ್ಟಾಪ್, ಸಿ ಲೈನ್. ಹಾಗಾಗಿ ಹೋಟೆಲ್ ಆ ಭಾಗದಲ್ಲಿ ಹಿಡಿದರೆ ಯಾವುದರಲ್ಲಿ ಬಂದಿಳಿದರೂ ಅನುಕೂಲ.